ಫರಸಿಯಿಂದ ಗುಮ್ಮಟದವರೆಗೆ: ತಾಂಡೂರಿನಿಂದ ಕಂಡ ಕೈಗಾ ಚರಿತ್ರೆ

ಅಣುವಿದ್ಯುತ್ತಿನ ಚರಿತ್ರೆ ಅಂದ್ರೆ ವಿಜ್ಞಾನಿಗಳ ಹೆಸರು, ಮೆಗಾವಾಟ್ ಲೆಕ್ಕ, ಉದ್ಘಾಟನೆಯ ತಾರೀಖು ಇಷ್ಟೇ ಬರ್ತವೆ. ಕೆಲಸ ಮಾಡಿದವರು ಅದರಲ್ಲಿ ಕಾಣುವುದು ಕಡಿಮೆ. ನನ್ನ ವಾದ ಇಷ್ಟು: ಕೈಗಾದಲ್ಲಿ ತಂತ್ರಜ್ಞಾನ ಸುಧಾರಿಸಿದ್ದು ದೋಷ ಬಯಲಿಗೆ ಬಂದಾಗ, ಅದನ್ನು ಮುಚ್ಚಿಡದೆ ಪರಿಶೀಲಿಸಿದಾಗ.

ಉತ್ತರ ಕನ್ನಡದ ಕೈಗಾಕ್ಕೂ ತಾಂಡೂರಿಗೂ ಏನು ಸಂಬಂಧ ಅಂತ ಕೇಳಬಹುದು. ನೋಡ್ರಿ, ನಮ್ಮ ಮನೆಗಳಿಗೆ ಹಾಸಿರುವ ಫರಸಿ ಭೀಮಾ ಶಿಲಾಸಮೂಹದ ಸುಣ್ಣಕಲ್ಲು. ಅದೇ ಶಿಲಾಸಮೂಹ ಸೇಡಂ, ಶಹಾಬಾದ್ ಕಡೆಯಿಂದ ಯಾದಗಿರಿ ಜಿಲ್ಲೆಯ ಗೋಗಿವರೆಗೂ ಹಬ್ಬಿದೆ. ಗೋಗಿಯಲ್ಲಿ ಬಿರುಕುಬಿಟ್ಟ ಸುಣ್ಣಕಲ್ಲಿನಲ್ಲಿ ಯುರೇನಿಯಂ ಸಿಕ್ಕಿದೆ. ಅಲ್ಲಿ ಅನ್ವೇಷಣಾ ಗಣಿ ತೋಡಿದಾಗ ಊರಿನವರು ನೀರಿನ ಬಗ್ಗೆ ಆತಂಕಪಟ್ಟು ವಿರೋಧಿಸಿದರು. ಇನ್ನು ನಮ್ಮವರು ಓದಲು, ದುಡಿಯಲು ಹೋಗುವ ಹೈದರಾಬಾದಿನಲ್ಲೇ 1971ರಲ್ಲಿ ನ್ಯೂಕ್ಲಿಯರ್ ಫ್ಯೂಯೆಲ್ ಕಾಂಪ್ಲೆಕ್ಸ್ ಶುರುವಾಯಿತು. ಕೈಗಾದ ಇಂಧನ ತಯಾರಾಗುವುದು ಅಲ್ಲೇ.

ಕಾಳಿ ನದಿ ದಂಡೆಯ ಕೈಗಾದಲ್ಲಿ ಸ್ಥಾವರ ಬೇಡವೆಂದು ದೊಡ್ಡ ಚಳವಳಿ ನಡೆಯಿತು. ಶಿವರಾಮ ಕಾರಂತರು ಇದೇ ಪ್ರಶ್ನೆ ಹಿಡಿದು 1989ರಲ್ಲಿ ಲೋಕಸಭಾ ಚುನಾವಣೆಗೇ ನಿಂತರು. ಸೋತರು, ಕಾಮಗಾರಿ ಮುಂದುವರಿಯಿತು. 1994ರ ಮೇ 13ರಂದು ಒಂದನೇ ಘಟಕದ ಒಳಗುಮ್ಮಟದ ಕಾಂಕ್ರೀಟು ಕಳಚಿ ಬಿತ್ತು. ಕೆಲಸಗಾರರು ಗಾಯಗೊಂಡರು. ರಿಯಾಕ್ಟರಿಗೆ ಆಗಿನ್ನೂ ಇಂಧನ ತುಂಬಿರಲಿಲ್ಲ ಅನ್ನುವುದೊಂದೇ ಸಮಾಧಾನ.

ಯಾಕೆ ಬಿತ್ತು? ಗುಮ್ಮಟದ ಕಾಂಕ್ರೀಟಿನೊಳಗೆ ಉಕ್ಕಿನ ತಂತಿಹಗ್ಗಗಳನ್ನು ಬಾಗಿಸಿ ಕೂರಿಸಿ, ಎಳೆದು ಬಿಗಿಯುತ್ತಾರೆ. ಆ ಎಳೆತಕ್ಕೆ ಕಾಂಕ್ರೀಟು ಪದರ ಬಿಟ್ಟುಕೊಂಡಿತು. ನಮ್ಮ ಖಣಿಗಳಲ್ಲಿ ಫರಸಿ ಪದರಪದರವಾಗಿ ಏಳುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತನಿಖೆ ನಡೆಯಿತು, ವಿನ್ಯಾಸ ಬದಲಾಯಿತು. ಪದರಗಳನ್ನು ಅಡ್ಡಲಾಗಿ ಹಿಡಿದಿಡುವ ಸರಳು ಬಂತು, ಸಿಲಿಕಾ ಫ್ಯೂಮ್ ಬೆರೆಸಿದ ಹೆಚ್ಚು ಬಲದ ಕಾಂಕ್ರೀಟು ಬಂತು. ರಾಜಸ್ಥಾನದ ರಾವತ್‌ಭಾಟಾದ ಹೊಸ ಘಟಕಗಳಿಗೂ ಈ ಪಾಠ ಮುಟ್ಟಿತು. ಒಂದನೇ ಘಟಕ ವಾಣಿಜ್ಯ ಉತ್ಪಾದನೆ ಆರಂಭಿಸಿದ್ದು 2000ದ ನವೆಂಬರಿನಲ್ಲಿ.

ಅದೇ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ ಒಂದೇ ಸಮನೆ 962 ದಿನ ನಡೆದು, ಬ್ರಿಟನ್ನಿನ ಹೇಶಮ್ ಸ್ಥಾವರದ 940 ದಿನಗಳ ದಾಖಲೆ ಮುರಿಯಿತು. ಗುಮ್ಮಟ ಬಿದ್ದ ತಾರೀಖಿನಂದೇ ಈ ಓಟ ಶುರುವಾದದ್ದು ಕಾಕತಾಳೀಯ. ಈ ಬಗೆಯ ಭಾರಜಲ ರಿಯಾಕ್ಟರಿಗೆ ಒಂದು ಅನುಕೂಲ ಇದೆ, ನಿಲ್ಲಿಸದೆಯೇ ಇಂಧನ ಬದಲಿಸಬಹುದು. 306 ಕೊಳವೆಗಳು, ಒಂದೊಂದರಲ್ಲಿ ಅರ್ಧ ಮೀಟರ್ ಉದ್ದದ 12 ಇಂಧನ ಕಟ್ಟುಗಳು. ಎರಡೂ ತುದಿಗೆ ಯಂತ್ರ ನಿಂತು ಒಂದು ಕಡೆ ಹೊಸದನ್ನು ತಳ್ಳಿದರೆ ಇನ್ನೊಂದು ಕಡೆ ಹಳೆಯದು ಹೊರಬರುತ್ತದೆ. ಆದರೆ ಒಂದು ಕಟ್ಟಿನ ಬೆಸುಗೆ ಬಿಟ್ಟುಕೊಂಡರೂ ತೊಂದರೆ. ಹಾಗಾಗಿ ಆ 962 ದಿನಗಳಲ್ಲಿ ಹೈದರಾಬಾದಿನಲ್ಲಿ ಬೆಸುಗೆ ಹಾಕಿದವರ, ಅದನ್ನು ಪರೀಕ್ಷೆ ಮಾಡಿದವರ ಪಾಲೂ ಇದೆ.

ಇನ್ನೊಂದು ಮುಖವನ್ನೂ ಹೇಳಲೇಬೇಕು. 2009ರ ನವೆಂಬರಿನಲ್ಲಿ ಕೈಗಾದ 50ಕ್ಕೂ ಹೆಚ್ಚು ಕೆಲಸಗಾರರ ಮೈಯಲ್ಲಿ ಟ್ರಿಟಿಯಂ ಕಂಡಿತು. ಕುಡಿಯುವ ನೀರಿನ ಕೂಲರಿಗೆ ಅದು ಸೇರಿತ್ತು. ಗೊತ್ತಾಗಿದ್ದು ವಾಡಿಕೆಯ ಮೂತ್ರ ಪರೀಕ್ಷೆಯಿಂದ. ಎಂಥ ಗುಮ್ಮಟ ಕಟ್ಟಿದರೂ ಕೆಲಸಗಾರ ಕುಡಿಯುವ ನೀರನ್ನು ಅದು ಕಾಯುವುದಿಲ್ಲ. ಕಾಯುವುದು ಬಿಡದೆ ಮಾಡುವ ತಪಾಸಣೆ.

ಈಗ ಕೈಗಾದಲ್ಲಿ ತಲಾ 700 ಮೆಗಾವಾಟಿನ ಇನ್ನೆರಡು ಘಟಕಗಳ ಕೆಲಸ ನಡೆದಿದೆ. ಮುಂದಿನ ಚರಿತ್ರೆ ಬರೆಯುವವರು 962 ದಿನಗಳ ಪಕ್ಕದಲ್ಲೇ 1994ನ್ನೂ 2009ನ್ನೂ ಬರೆಯಲಿ, ಗೋಗಿಯವರ ನೀರಿನ ಪ್ರಶ್ನೆಯನ್ನೂ ಸೇರಿಸಲಿ.