ಸ್ವಂತ ಗೋಲೂ ಫ್ರೀ ಕಿಕ್ಕಿನ ನ್ಯಾಯವೂ

ಕಾಲ್ಚೆಂಡಾಟದಲ್ಲಿ ತನ್ನ ತಂಡದ ಗೋಲಿನೊಳಕ್ಕೆ ತಾನೇ ಚೆಂಡು ಹೊಡೆದುಕೊಳ್ಳುವುದಕ್ಕಿಂತ ದೊಡ್ಡ ಮುಖಭಂಗವಿಲ್ಲ. ಆಟ ಸಾಗುತ್ತಿರುವಾಗ ಹಾಗಾದರೆ ಅದು ಎದುರಾಳಿಗಳ ಲೆಕ್ಕಕ್ಕೆ ಸೇರುತ್ತದೆ. ಆದರೆ ಫ್ರೀ ಕಿಕ್ ಪಡೆದವನು ಚೆಂಡನ್ನು ಹಿಂದಕ್ಕೆ ಒದ್ದು, ಅದು ಯಾರಿಗೂ ತಾಗದೆ ನೇರವಾಗಿ ಅವನ ತಂಡದ ಗೋಲನ್ನೇ ಹೊಕ್ಕರೆ? ಗೋಲಿಲ್ಲ, ಎದುರಾಳಿಗಳಿಗೆ ಒಂದು ಕಾರ್ನರ್ ಕಿಕ್ ಮಾತ್ರ ಎನ್ನುತ್ತದೆ ನಿಯಮ. ಇದು ವಿಚಿತ್ರವೆಂದು ತೋರಬಹುದು. ಇದರ ಮರ್ಮವನ್ನು ತಿಳಿಯಲು ಚರಿತ್ರೆಯತ್ತ ತಿರುಗಬೇಕು.

1863ರಲ್ಲಿ ಲಂಡನ್ನಿನ ಫುಟ್‌ಬಾಲ್ ಸಂಘವು ಆಟದ ಕಟ್ಟಳೆಗಳನ್ನು ಬರೆದಾಗ ಪೆನಾಲ್ಟಿ ಕಿಕ್ ಇರಲಿಲ್ಲ. ಸಭ್ಯರು ಬೇಕೆಂದೇ ತಪ್ಪು ಮಾಡಲಾರರೆಂಬ ನಂಬಿಕೆ ಆಗ ಬಲವಾಗಿತ್ತು. ಅನುಭವ ಬೇರೆಯೇ ಪಾಠ ಕಲಿಸಿತು. ಐರ್ಲೆಂಡಿನ ಮಿಲ್‌ಫರ್ಡ್ ಊರಿನ ಗೋಲ್ ಕೀಪರ್ ವಿಲಿಯಂ ಮೆಕ್ರಮ್ ಅವರ ಸಲಹೆಯಂತೆ 1891ರ ಜೂನ್ 2ರಂದು ಗ್ಲಾಸ್ಗೋ ಸಭೆಯಲ್ಲಿ ಪೆನಾಲ್ಟಿ ಕಿಕ್ ಅಂಗೀಕೃತವಾಯಿತು. ಗುರುತರ ತಪ್ಪುಗಳಿಗೆ ಕೊಡುವ ಫ್ರೀ ಕಿಕ್ಕಿನಿಂದ ನೇರವಾಗಿ ಗೋಲು ಹೊಡೆಯುವ ಅವಕಾಶ 1903ರಲ್ಲಿ ಬಂದಿತು. ಹೀಗೆ ನೊಂದ ತಂಡದ ಕೈಗೆ ಹರಿತವಾದ ಆಯುಧ ದೊರೆಯಿತು.

ಈ ಆಯುಧ ತಿರುಗಿ ಹಿಡಿದವನನ್ನೇ ಕೊಯ್ಯಬಹುದೇ? ತಪ್ಪು ಮಾಡಿದವರು ಎದುರಾಳಿಗಳು. ಪರಿಹಾರ ಪಡೆದವನು ಇವನು. ಇವನ ಎಡವಟ್ಟಿನಿಂದ ತಪ್ಪಿತಸ್ಥರಿಗೇ ಗೋಲು ಸಿಕ್ಕಿದರೆ ಅಪರಾಧಕ್ಕೆ ಬಹುಮಾನ ಕೊಟ್ಟಂತಾಗುತ್ತದೆ. ಭಸ್ಮಾಸುರನ ವರ ಅವನ ತಲೆಯನ್ನೇ ಸುಟ್ಟಿತು. ಕಾಲ್ಚೆಂಡಿನ ಕಟ್ಟಳೆಯಾದರೋ ವರವು ಶಾಪವಾಗದಂತೆ ಕಾಯುತ್ತದೆ. ಅಜಾಗರೂಕತೆಗೆ ತೆರಬೇಕಾದ ಬೆಲೆ ಕಾರ್ನರ್ ಕಿಕ್ಕಿಗೇ ಮುಗಿಯುತ್ತದೆ.

‘ನೇರವಾಗಿ’ ಎಂಬ ಪದದಲ್ಲೇ ಎಲ್ಲವೂ ಅಡಗಿದೆ. ಗೆರೆಯಾಚೆಯಿಂದ ಕೈಯಲ್ಲಿ ಎಸೆಯುವ ಥ್ರೋ ಇನ್ನಿಗೂ ಇದೇ ನಿಯಮ. 2002ರ ಸೆಪ್ಟೆಂಬರ್ 16ರಂದು ಬರ್ಮಿಂಗ್‌ಹ್ಯಾಮ್ ಸಿಟಿಯ ಎದುರು ಆಸ್ಟನ್ ವಿಲ್ಲಾ ತಂಡದ ಮೆಲ್‌ಬರ್ಗ್ ತಮ್ಮ ಗೋಲ್ ಕೀಪರ್ ಎಂಕೆಲ್‌ಮನ್‌ರತ್ತ ಎಸೆದ ಚೆಂಡು ಅವರ ಕಾಲಡಿಯಲ್ಲಿ ಜಾರಿ ಗೋಲಿಗೆ ಹೋಯಿತು. ಅವರ ಕಾಲಿಗೆ ತಾಗಿದ್ದರೆ ಗೋಲು, ತಾಗದಿದ್ದರೆ ಕಾರ್ನರ್. ರೆಫರಿ ಗೋಲೆಂದೇ ತೀರ್ಪಿತ್ತರು. ತಾಗಿತೇ ಇಲ್ಲವೇ ಎಂಬ ಚರ್ಚೆ ಬಹುಕಾಲ ನಡೆಯಿತು.

ಪೆನಾಲ್ಟಿಯಲ್ಲಿ ಚೆಂಡನ್ನು ಮುಂದಕ್ಕೇ ಒದೆಯಬೇಕು. ಆದುದರಿಂದ ಒದೆಯುವವನಿಗೆ ಈ ಭಯವಿಲ್ಲ. ಅಲ್ಲಿ ಅಪಾಯ ಗೋಲ್ ಕೀಪರನಿಗೆ. 1986ರ ವಿಶ್ವಕಪ್ಪಿನಲ್ಲಿ ಫ್ರಾನ್ಸ್ ಮತ್ತು ಬ್ರೆಜಿಲ್ ಸಮಬಲವಾಗಿ, ಪೆನಾಲ್ಟಿಗಳಿಂದ ನಿರ್ಣಯವಾಗಬೇಕಾಯಿತು. ಫ್ರಾನ್ಸಿನ ಬೆಲ್ಲೋನ್ ಒದ್ದ ಚೆಂಡು ಕಂಬಕ್ಕೆ ಬಡಿದು, ಹಿಂದಿರುಗಿ, ಗೋಲ್ ಕೀಪರ್ ಕಾರ್ಲೋಸ್ ಅವರ ಬೆನ್ನಿಗೆ ತಗುಲಿ ಒಳಕ್ಕೆ ಉರುಳಿತು. ರೆಫರಿ ಗೋಲು ಕೊಟ್ಟರು. ಫ್ರಾನ್ಸ್ 4-3ರಿಂದ ಗೆದ್ದಿತು. ಅಂಥ ಗೋಲು ಸಿಂಧುವೆಂಬುದು ಇಂದು ನಿಯಮದಲ್ಲೇ ಸ್ಪಷ್ಟವಾಗಿದೆ.

2019ರವರೆಗೆ ತನ್ನ ಪೆನಾಲ್ಟಿ ಆವರಣದೊಳಗಿನಿಂದ ಹೊಡೆದ ಫ್ರೀ ಕಿಕ್ ಆವರಣವನ್ನು ದಾಟಿದ ಮೇಲೆಯೇ ಆಟ ಆರಂಭವಾಗುತ್ತಿತ್ತು. ದಾಟದೆ ಸ್ವಂತ ಗೋಲಿಗೆ ಹೋದರೆ ಮತ್ತೆ ಹೊಡೆಯಬೇಕಿತ್ತು. ಈಗ ಚೆಂಡು ಅಲುಗಿದೊಡನೆ ಆಟ ಆರಂಭ. ಆದುದರಿಂದ ಅಲ್ಲಿಯೂ ಕಾರ್ನರೇ. ಮುಂದೊಮ್ಮೆ ಆಟದ ವಿವರಣೆ ಕೇಳುತ್ತಿರುವಾಗ, ಚೆಂಡು ಗೋಲಿನೊಳಗಿದ್ದರೂ ರೆಫರಿ ಮೂಲೆಯತ್ತ ಕೈ ತೋರಿದರೆಂದು ಕೇಳಿಬಂದರೆ ಅಚ್ಚರಿಪಡಬೇಕಾಗಿಲ್ಲ.