ಹಾಟ್ ಸೀಟಿನಿಂದ ಇಳಿದ ಮೇಲೆ

2000ನೇ ಇಸವಿಯ ಜುಲೈ 3ರಂದು ಸ್ಟಾರ್ ಪ್ಲಸ್‌ನಲ್ಲಿ ‘ಕೌನ್ ಬನೇಗಾ ಕರೋಡ್‌ಪತಿ’ ಶುರುವಾದಾಗ ನಾನು ಗೋರೆಗಾಂವ್‌ನಲ್ಲಿ ಸೋದರಮಾವನ ಹೋಟೆಲಿನ ಮಾಳಿಗೆಯಲ್ಲಿದ್ದು ಕಾಲೇಜಿಗೆ ಹೋಗುತ್ತಿದ್ದೆ. ರಾತ್ರಿ ಒಂಬತ್ತೆಂದರೆ ಊಟದ ರಶ್ಶಿನ ಹೊತ್ತು. ಆದರೂ ಸೋಮವಾರದಿಂದ ಗುರುವಾರದವರೆಗೆ ಆ ಹೊತ್ತಿನಲ್ಲಿ ಮಾಣಿಗಳ ಕಣ್ಣು ಗೋಡೆಯ ಟಿವಿಯ ಮೇಲೆಯೇ. ಸಾಂಬಾರು ಬಡಿಸುತ್ತಾ ಒಬ್ಬ ‘ಬಿ, ಬಿ’ ಎಂದು ಕೂಗಿದರೆ ಗಿರಾಕಿ ‘ಅಲ್ಲ, ಸಿ’ ಎಂದು ಜಗಳಕ್ಕೆ ನಿಲ್ಲುತ್ತಿದ್ದ. ಮಾವ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎಲ್ಲರಿಗೂ ಬೈಯುತ್ತಿದ್ದರು, ಟಿವಿ ಮಾತ್ರ ಆರಿಸುತ್ತಿರಲಿಲ್ಲ.

ಹಾಟ್ ಸೀಟಿಗೆ ಬಂದವರ ಹೆಸರು, ಊರು, ಎಷ್ಟನೇ ಪ್ರಶ್ನೆಗೆ ಆಟ ನಿಂತಿತು ಎಂಬುದನ್ನೆಲ್ಲ ನಾನು ಒಂದು ನೋಟುಪುಸ್ತಕದಲ್ಲಿ ಬರೆದಿಡುತ್ತಿದ್ದೆ. ಪುಸ್ತಕ ಯಾವುದೋ ಮನೆ ಬದಲಾವಣೆಯಲ್ಲಿ ಹೋಯಿತು. ಗೆದ್ದವರ ಮುಂದಿನ ಕತೆ ಹುಡುಕುವ ಚಾಳಿ ಮಾತ್ರ ಉಳಿದುಕೊಂಡಿತು.

ಟಿವಿಯಲ್ಲಿ ಕ್ವಿಜ್ ನಮಗೆ ಹೊಸದಲ್ಲ. 1985ರಲ್ಲಿ ದೂರದರ್ಶನದಲ್ಲಿ ಸಿದ್ಧಾರ್ಥ ಬಸು ‘ಕ್ವಿಜ್ ಟೈಮ್’ ನಡೆಸಿಕೊಟ್ಟಿದ್ದರು. ಇಂಗ್ಲಿಷು ಬಲ್ಲ ಕಾಲೇಜು ಹುಡುಗರ ಆಟ ಅದು. ನಮ್ಮಂಥವರು ದೂರದಿಂದ ನೋಡಿ ಬೆರಗಾಗುತ್ತಿದ್ದೆವು. ಹದಿನೈದು ವರ್ಷದ ನಂತರ ಅದೇ ಬಸು ಕರೋಡ್‌ಪತಿಯನ್ನು ನಿರ್ಮಿಸಿದರು. ಬ್ರಿಟನ್ನಿನಲ್ಲಿ 1998ರಲ್ಲಿ ಆರಂಭವಾದ ‘ಹೂ ವಾಂಟ್ಸ್ ಟು ಬಿ ಎ ಮಿಲಿಯನೇರ್’ ಇದರ ಮೂಲ. ಭಾಷೆ ಹಿಂದಿಯಾಯಿತು, ಮೊದಮೊದಲ ಪ್ರಶ್ನೆಗಳು ಅಡುಗೆಮನೆಗೂ ತಿಳಿಯುವಷ್ಟು ಸಲೀಸಾದವು. ಆದರೆ ನನ್ನ ಮಟ್ಟಿಗೆ ದೊಡ್ಡ ಬದಲಾವಣೆ ಬೇರೆಯೇ. ಹಳೆಯ ಕ್ವಿಜ್‌ನಲ್ಲಿ ಗೊತ್ತಿಲ್ಲದಿದ್ದರೆ ಅಂಕ ಸಿಗುತ್ತಿರಲಿಲ್ಲ, ಅಷ್ಟೇ. ಇಲ್ಲಿ ಪ್ರಶ್ನೆಯನ್ನೂ ನಾಲ್ಕು ಉತ್ತರಗಳನ್ನೂ ನೋಡಿದ ಮೇಲೆ, ಗೆದ್ದಷ್ಟನ್ನು ತೆಗೆದುಕೊಂಡು ಎದ್ದುಹೋಗಬಹುದಿತ್ತು. ಹಾಗಾಗಿ ನಿನಗೆಷ್ಟು ಗೊತ್ತು ಎಂಬುದಕ್ಕಿಂತ, ಗೊತ್ತಿರುವುದನ್ನು ನೀನೆಷ್ಟು ನಂಬುತ್ತೀ ಎಂಬುದೇ ಆಟವಾಯಿತು.

ಲೆಕ್ಕ ಹಾಕಿ ನೋಡಿ. ಮೊದಲ ಸರಣಿಯಲ್ಲಿ ಹದಿನೈದು ಪ್ರಶ್ನೆ. ಒಂದು ಸಾವಿರದಿಂದ ಒಂದು ಕೋಟಿಯವರೆಗೆ. ಹತ್ತನೆಯದು ದಾಟಿದರೆ 3,20,000 ರೂಪಾಯಿ ಖಾತ್ರಿ. ಹದಿನಾಲ್ಕು ದಾಟಿದವನ ಬಳಿ 50 ಲಕ್ಷ. ಕೊನೆಯದು ತಪ್ಪಿದರೆ ಮತ್ತೆ 3,20,000ಕ್ಕೆ ಇಳಿಯಬೇಕು. ಅಂದರೆ 46,80,000 ರೂಪಾಯಿ ಪಣ. 2000ದ ಅಕ್ಟೋಬರಿನಲ್ಲಿ ಮುಂಬಯಿಯ ಹರ್ಷವರ್ಧನ ನವಾಥೆ ಆ ಜಾಗದಲ್ಲಿ ಕೂತಿದ್ದರು. ವಯಸ್ಸು 27, ಐಎಎಸ್ ಪರೀಕ್ಷೆಗೆ ಓದುತ್ತಿದ್ದವರು. ಸಂಸತ್ತಿನ ಕಲಾಪದಲ್ಲಿ ಭಾಗವಹಿಸಲು ಸಂವಿಧಾನ ಇವರಲ್ಲಿ ಯಾರಿಗೆ ಅವಕಾಶ ಕೊಡುತ್ತದೆ ಎಂಬುದು ಪ್ರಶ್ನೆ. ಅಟಾರ್ನಿ ಜನರಲ್ ಎಂದರು, ದೇಶದ ಮೊದಲ ಕರೋಡ್‌ಪತಿಯಾದರು. (ಪ್ರಶ್ನೆ ಕೇಳುತ್ತಿದ್ದ ಅಮಿತಾಭ್ ಬಚ್ಚನ್ ಕೂಡ ಆಗ ತಮ್ಮ ಕಂಪನಿಯ ಸಾಲದಲ್ಲಿ ಮುಳುಗಿದ್ದರು. ಹಣದ ಗರಜು ಎರಡೂ ಕುರ್ಚಿಗಳಲ್ಲಿತ್ತು.) ನವಾಥೆ ಆಮೇಲೆ ಐಎಎಸ್ ಆಗಲಿಲ್ಲ, ಬ್ರಿಟನ್ನಿಗೆ ಹೋಗಿ ಎಂಬಿಎ ಮಾಡಿ ಕಂಪನಿ ಕೆಲಸಕ್ಕೆ ಸೇರಿದರು. 2001ರ ಮಕ್ಕಳ ಸರಣಿಯಲ್ಲಿ ಕೋಟಿ ಗೆದ್ದ ಹದಿನಾಲ್ಕರ ರವಿ ಮೋಹನ್ ಸೈನಿ ಮಾತ್ರ ಎಂಬಿಬಿಎಸ್ ಮುಗಿಸಿ, ಐಪಿಎಸ್ ಪಾಸು ಮಾಡಿ, 2020ರಲ್ಲಿ ಪೋರಬಂದರಿನ ಎಸ್‌ಪಿಯಾದರು.

ನಮ್ಮ ಹೋಟೆಲಿನಲ್ಲೂ ಒಬ್ಬನಿದ್ದ. ಕುಂದಾಪುರದ ಕಡೆಯವನು, ಹಗಲು ಟೇಬಲ್ಲು ಒರೆಸಿ ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಹತ್ತನೇ ತರಗತಿ ಓದಿದವನು. ಇಡ್ಲಿ ಕಟ್ಟಲು ತಂದ ಹಳೇ ಪೇಪರನ್ನು ಓದದೆ ಕಟ್ಟುತ್ತಿರಲಿಲ್ಲ. ಹತ್ತನೇ ಪ್ರಶ್ನೆಯವರೆಗೆ ಅವನು ತಪ್ಪುತ್ತಿದ್ದುದು ಕಡಿಮೆ. ಆದರೆ ಆಟಕ್ಕೆ ಸೇರಬೇಕಿದ್ದರೆ ಮೊದಲು ಫೋನು ಹತ್ತಬೇಕಲ್ಲ! ಎದುರಿನ ಪಿಸಿಒದಲ್ಲಿ ಎಷ್ಟೋ ಮಧ್ಯಾಹ್ನ ನಂಬರು ಒತ್ತಿ ಒತ್ತಿ ‘ಲೈನ್ ಬಿಜಿ’ ಎಂದು ವಾಪಸು ಬರುತ್ತಿದ್ದ. ಚಿತ್ರೀಕರಣ ನಡೆಯುತ್ತಿದ್ದುದು ಅದೇ ಗೋರೆಗಾಂವ್‌ನ ಫಿಲ್ಮ್ ಸಿಟಿಯಲ್ಲಿ. ಬಸ್ಸಿನಲ್ಲಿ ಹೋಗಿ ಗೇಟು ಮುಟ್ಟಿ ಬರಬಹುದಿತ್ತು. ಒಮ್ಮೆ ಹೋಗಿ ಮುಟ್ಟಿಯೂ ಬಂದ.

ಅವನ ನೆನಪು ಜೋರಾಗಿ ಬಂದದ್ದು 2011ರಲ್ಲಿ. ಬಿಹಾರದ ಮೋತಿಹಾರಿಯ ಸುಶೀಲ್ ಕುಮಾರ್, ಉದ್ಯೋಗ ಖಾತ್ರಿ ಯೋಜನೆಯಲ್ಲಿ ಕಂಪ್ಯೂಟರ್ ಆಪರೇಟರ್, ಸಂಬಳ ತಿಂಗಳಿಗೆ ಸುಮಾರು 6 ಸಾವಿರ. ಕೊನೆಯ ಪ್ರಶ್ನೆ: 1868ರ ಅಕ್ಟೋಬರ್ 16ರಂದು ನಿಕೋಬಾರ್ ದ್ವೀಪಗಳ ಹಕ್ಕನ್ನು ಬ್ರಿಟಿಷರಿಗೆ ಮಾರಿದ ವಸಾಹತು ದೇಶ ಯಾವುದು? ಡೆನ್ಮಾರ್ಕ್ ಎಂದು ಹೇಳಿ 5 ಕೋಟಿ ಗೆದ್ದರು. ಆ ಸಂಬಳದಲ್ಲಿ ಅಷ್ಟು ದುಡಿಯಲು 694 ವರ್ಷ ಬೇಕು. ತೆರಿಗೆ ಕಳೆದು ಕೈಗೆ ಬಂದದ್ದು ಸುಮಾರು ಮೂರೂವರೆ ಕೋಟಿ.

ಎಲ್ಲರೂ ಚಪ್ಪಾಳೆ ತಟ್ಟಿ ಮರೆತರು. 2020ರಲ್ಲಿ ಸುಶೀಲ್ ಕುಮಾರ್ ತಮ್ಮ ಫೇಸ್‌ಬುಕ್ಕಿನಲ್ಲಿ ಗೆದ್ದ ನಂತರದ ದಿನಗಳೇ ತನ್ನ ಬದುಕಿನ ಅತಿ ಕೆಟ್ಟ ಕಾಲ ಎಂದು ಬರೆದುಕೊಂಡರು. ಸಭೆ ಸಮಾರಂಭಗಳಿಗೆ ಅಲೆದದ್ದು, ಗುಪ್ತದಾನದ ಗೀಳು ಹಿಡಿದು ಮೋಸ ಹೋದದ್ದು, ಕುಡಿತ, ಸಿಗರೇಟು, ಹೆಂಡತಿಯ ಜೊತೆ ಮನಸ್ತಾಪ, ಸಿನಿಮಾ ಮಾಡುತ್ತೇನೆಂದು ಮುಂಬಯಿಗೆ ಬಂದದ್ದು – ಯಾವುದನ್ನೂ ಮುಚ್ಚಿಡಲಿಲ್ಲ. ಪತ್ರಕರ್ತರೊಬ್ಬರ ಪ್ರಶ್ನೆಗೆ ರೇಗಿ, ‘ದುಡ್ಡೆಲ್ಲ ಖಾಲಿ, ಎರಡು ಹಸು ಸಾಕಿದ್ದೇನೆ, ಹಾಲು ಮಾರಿ ಬದುಕುತ್ತಿದ್ದೇನೆ’ ಎಂಬರ್ಥದಲ್ಲಿ ಹೇಳಿಬಿಟ್ಟರಂತೆ. ಆ ಸುದ್ದಿ ದೇಶವೆಲ್ಲ ಹಬ್ಬಿದ್ದೇ ತಡ, ಸುತ್ತಲಿದ್ದವರು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ಕರೋಡ್‌ಪತಿಯ ಬಗ್ಗೆ ನಾನು ಓದಿದ ಬರಹಗಳಲ್ಲಿ ಇದರಷ್ಟು ಪ್ರಾಮಾಣಿಕವಾದದ್ದು ಇನ್ನೊಂದಿಲ್ಲ. ಆಮೇಲೆ ಅವರು ಊರಿಗೆ ಮರಳಿ ಮೇಷ್ಟರಾದರು, ಚಂಪಾರಣ್‌ನ ಮನೆಮನೆಗೆ ಹೋಗಿ ಸಂಪಿಗೆ ಸಸಿ ನೆಟ್ಟರು, ಗುಬ್ಬಚ್ಚಿ ಉಳಿಸಲು ಓಡಾಡಿದರು.

2012ರಲ್ಲಿ ಪುನೀತ್ ರಾಜ್‌ಕುಮಾರ್ ‘ಕನ್ನಡದ ಕೋಟ್ಯಧಿಪತಿ’ ನಡೆಸಿಕೊಟ್ಟಾಗ ಈ ಆಟ ನಮ್ಮ ಭಾಷೆಗೂ ಬಂತು. ಆದರೆ ಅದಕ್ಕೂ ಹತ್ತು ವರ್ಷ ಮೊದಲೇ, 2002ರಲ್ಲಿ, ಚಂದನದಲ್ಲಿ ಡಾ. ನಾ. ಸೋಮೇಶ್ವರ ‘ಥಟ್ ಅಂತ ಹೇಳಿ!?’ ಶುರುಮಾಡಿದ್ದರು. ಅಲ್ಲಿ ಸರಿಯುತ್ತರಕ್ಕೆ ಸಿಗುವುದು ಪುಸ್ತಕ. ಪುಸ್ತಕ ಗೆದ್ದು ಕಂಗಾಲಾದವರ ಸುದ್ದಿ ನಾನಂತೂ ಕೇಳಿಲ್ಲ.

ಕುಂದಾಪುರದ ಆ ಹುಡುಗನಿಗೆ ಈಗ ಐವತ್ತರ ಹತ್ತಿರ. ಮೀರಾ ರೋಡಿನಲ್ಲಿ ಸಣ್ಣದೊಂದು ಹೋಟೆಲಿದೆ. ಗೋಡೆಯ ಮೇಲೆ ಟಿವಿಯೂ ಇದೆ. ಹೋದ ವರ್ಷ ಕಾಫಿಗೆ ಕೂತಾಗ ಸುಶೀಲ್ ಕುಮಾರರ ಕತೆ ಪೂರ್ತಿ ಹೇಳಿದೆ. ಅವನು ಸಾಲದ ಬಗ್ಗೆಯೋ ಕುಡಿತದ ಬಗ್ಗೆಯೋ ಕೇಳಲಿಲ್ಲ. ‘ಕೊನೇ ಪ್ರಶ್ನೆ ಯಾವುದು ಮಾರಾಯ?’ ಎಂದ. ಹೇಳಿದೆ. ನಾಲ್ಕು ಆಯ್ಕೆಗಳನ್ನೂ ಕೊಟ್ಟೆ: ಬೆಲ್ಜಿಯಂ, ಇಟಲಿ, ಡೆನ್ಮಾರ್ಕ್, ಫ್ರಾನ್ಸ್. ಎರಡು ನಿಮಿಷ ಯೋಚಿಸಿದ. ಅಷ್ಟರಲ್ಲಿ ಗಿರಾಕಿ ಬಿಲ್ಲು ಹಿಡಿದು ಬಂದರು, ಚಿಲ್ಲರೆ ಎಣಿಸಿ ಕೊಟ್ಟ.

‘ಫ್ರಾನ್ಸ್ ಅಂತ ಅನ್ನಿಸ್ತದೆ. ಆದರೆ ಗ್ಯಾರಂಟಿ ಇಲ್ಲ. ನಾನು ಇಲ್ಲಿಗೇ ಆಟ ಬಿಡ್ತೇನೆ’ ಎಂದ.