ಕೃತಕ ಹುಲ್ಲುಹಾಸು ಮತ್ತು ತವರಿನ ಅನುಕೂಲ

ಫುಟ್‌ಬಾಲ್ ತಂಡವೊಂದು ಸ್ವಂತ ಮೈದಾನದಲ್ಲಿ ಹೊರಗಿನದಕ್ಕಿಂತ ಹೆಚ್ಚು ಪಂದ್ಯಗಳನ್ನು ಗೆಲ್ಲುವುದಕ್ಕೆ ತವರಿನ ಅನುಕೂಲ ಎನ್ನುತ್ತಾರೆ. ಪ್ರೇಕ್ಷಕರ ಬೆಂಬಲ, ಎದುರಾಳಿಯ ಪ್ರಯಾಣದ ದಣಿವು, ನೆಲದ ಪರಿಚಯ ಇದರ ಮುಖ್ಯ ಕಾರಣಗಳು. ಲೀಗಿನ ಬಹುಪಾಲು ತಂಡಗಳು ಸಹಜ ಹುಲ್ಲಿನ ಮೇಲೂ ಕೆಲವೇ ತಂಡಗಳು ಕೃತಕ ಹಾಸಿನ ಮೇಲೂ ಆಡುವಾಗ ಈ ಮೂರನೆಯ ಕಾರಣಕ್ಕೆ ಬಲ ಬರುತ್ತದೆ.

ಇಂಗ್ಲೆಂಡಿನ ಪ್ರಯೋಗ: 1981ರಲ್ಲಿ ಲಂಡನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ತನ್ನ ಲಾಫ್ಟಸ್ ರೋಡ್ ಮೈದಾನಕ್ಕೆ ಕೃತಕ ಹಾಸು ಹಾಕಿಸಿತು. ಇಂಗ್ಲೆಂಡಿನ ವೃತ್ತಿಪರ ಕ್ಲಬ್‌ಗಳಲ್ಲಿ ಇದೇ ಮೊದಲನೆಯದು. 1985ರಲ್ಲಿ ಲೂಟನ್ ಟೌನ್, 1986ರಲ್ಲಿ ಓಲ್ಡಮ್ ಅಥ್ಲೆಟಿಕ್ ಮತ್ತು ಪ್ರೆಸ್ಟನ್ ನಾರ್ತ್ ಎಂಡ್ ಇದೇ ದಾರಿ ಹಿಡಿದವು. ಮಳೆ, ಕೆಸರಿನಿಂದ ಪಂದ್ಯ ನಿಲ್ಲುವ ಭಯವಿರಲಿಲ್ಲ; ಮೈದಾನವನ್ನು ವಾರವಿಡೀ ಬಳಸಬಹುದಿತ್ತು.

ಆ ಕಾಲದ ಹಾಸು ಎಂದರೆ ಗಟ್ಟಿ ತಳ, ಅದರ ಮೇಲೆ ಗಿಡ್ಡ ಎಳೆಗಳು, ನಡುವೆ ಮರಳು. ಚೆಂಡು ಹುಲ್ಲಿನ ಮೇಲಿಗಿಂತ ಎತ್ತರಕ್ಕೆ ಪುಟಿಯುತ್ತಿತ್ತು. ಉದ್ದನೆಯ ಪಾಸ್ ನಿಲ್ಲದೆ ಗೆರೆ ದಾಟಿಬಿಡುತ್ತಿತ್ತು. ಜಾರಿ ಚೆಂಡು ಕಸಿಯಲು ಹೋದವರ ತೊಡೆ, ಮೊಣಕಾಲು ತರಚಿ ಉರಿಯುತ್ತಿದ್ದವು. ತವರಿನ ಆಟಗಾರರಿಗೆ ಈ ಪುಟಿತ ಕಾಲಿಗೆ ಒಗ್ಗಿತ್ತು. ಹೊರಗಿನಿಂದ ಬಂದವರು ಪ್ರತಿ ಹೆಜ್ಜೆಗೂ ಅಳುಕುತ್ತಿದ್ದರು.

1990ರ ಲೀಗ್ ಕಪ್ ಸೆಮಿಫೈನಲ್ ಇದಕ್ಕೆ ಪ್ರಸಿದ್ಧ ಉದಾಹರಣೆ. ತನ್ನ ಬೌಂಡರಿ ಪಾರ್ಕಿನ ಕೃತಕ ಹಾಸಿನ ಮೇಲೆ ಓಲ್ಡಮ್ 6–0 ಗೋಲುಗಳಿಂದ ವೆಸ್ಟ್ ಹ್ಯಾಮ್ ತಂಡವನ್ನು ಮಣಿಸಿತು. ತನ್ನ ಅಪ್ಟನ್ ಪಾರ್ಕಿನ ಹುಲ್ಲಿನ ಮೇಲೆ ನಡೆದ ಸೆಮಿಫೈನಲ್‌ನ ಎರಡನೆಯ ಪಂದ್ಯವನ್ನು ವೆಸ್ಟ್ ಹ್ಯಾಮ್ 3–0ಯಿಂದ ಗೆದ್ದಿತು. ಎರಡು ಪಂದ್ಯಗಳಿಂದಲೇ ತೀರ್ಮಾನಕ್ಕೆ ಬರಲಾಗದು. ಲಾಫ್ಟಸ್ ರೋಡಿನ ಹೊಸ ಹಾಸಿನ ಮೇಲಿನ ಮೊದಲ ಪಂದ್ಯವನ್ನು ಆತಿಥೇಯರೇ ಲೂಟನ್‌ಗೆ ಸೋತಿದ್ದರು. ಆದರೆ ಸಂಶೋಧಕರಾದ ಬಾರ್ನೆಟ್ ಮತ್ತು ಹಿಲ್ಡಿಚ್ ಇಂಗ್ಲಿಷ್ ಲೀಗಿನ ಫಲಿತಾಂಶಗಳನ್ನು ಅಧ್ಯಯನ ಮಾಡಿ, ಕೃತಕ ಹಾಸಿನ ತಂಡಗಳಿಗೆ ತವರಿನಲ್ಲಿ ಹೆಚ್ಚುವರಿ ಲಾಭವಿತ್ತೆಂದು 1993ರಲ್ಲಿ ತೋರಿಸಿದರು. 1994ರಲ್ಲಿ ಪ್ರೆಸ್ಟನ್ ತನ್ನ ಹಾಸನ್ನು ಕಿತ್ತಾಗ ಈ ಪ್ರಯೋಗ ಕೊನೆಗೊಂಡಿತು.

ಹೊಸ ತಲೆಮಾರು: ಉದ್ದ ಎಳೆಗಳ ನಡುವೆ ಮರಳು ಮತ್ತು ರಬ್ಬರ್ ಹರಳು ತುಂಬಿದ ಇಂದಿನ ಹಾಸು ಹುಲ್ಲಿಗೆ ಹೆಚ್ಚು ಹತ್ತಿರ. ಫಿಫಾ ಚೆಂಡಿನ ಪುಟಿತ, ಉರುಳುವಿಕೆಗಳನ್ನು ಪರೀಕ್ಷಿಸಿ ಮಾನ್ಯತೆ ಕೊಡುತ್ತದೆ. 2015ರ ಮಹಿಳಾ ವಿಶ್ವಕಪ್ ಪೂರ್ತಿಯಾಗಿ ಕೃತಕ ಹಾಸಿನ ಮೇಲೆ ಕೆನಡಾದಲ್ಲಿ ನಡೆಯಿತು. ಆದರೂ ಚರ್ಚೆ ನಿಂತಿಲ್ಲ. ಆರ್ಕ್‌ಟಿಕ್ ವೃತ್ತದ ಉತ್ತರಕ್ಕಿರುವ ನಾರ್ವೆಯ ಬೋಡೊ/ಗ್ಲಿಮ್ಟ್ 2021ರಲ್ಲಿ ತನ್ನ ಕೃತಕ ಹಾಸಿನ ಮೇಲೆ ರೋಮಾ ತಂಡವನ್ನು 6–1ರಿಂದ ಸೋಲಿಸಿತು. 2025ರಲ್ಲಿ ಅದೇ ನೆಲದಲ್ಲಿ ಟಾಟನ್‌ಹ್ಯಾಮ್ ಎದುರು 0–2ರಿಂದ ಸೋತಿತು.

ಕೃತಕ ಎಳೆ ತಾನಾಗಿ ಯಾರನ್ನೂ ಗೆಲ್ಲಿಸದು. ಒಂದೇ ಲೀಗಿನಲ್ಲಿ ಎರಡು ಬಗೆಯ ನೆಲಗಳಿದ್ದು, ಒಂದು ತಂಡಕ್ಕೆ ಮಾತ್ರ ಎರಡರ ರೂಢಿಯೂ ಇರುವುದರಿಂದ ಈ ಅಸಮತೆ ಹುಟ್ಟುತ್ತದೆ. ಎಲ್ಲರಿಗೂ ಒಂದೇ ಬಗೆಯ ನೆಲವಿರುವುದೇ ಇದಕ್ಕೆ ನ್ಯಾಯವಾದ ಪರಿಹಾರ. ನೆದರ್‌ಲೆಂಡ್ಸ್‌ನ ಅಗ್ರ ಲೀಗ್ 2025–26ರ ಋತುವಿನಿಂದ ಕೃತಕ ಹಾಸನ್ನು ಕೈಬಿಟ್ಟಿದೆ.